ರೆಪ್ಪೆಯ ಹಿಂದಿನ ಬಡಕಲ

"ಕೇಳಿರಪ್ಪೋ ಕೇಳಿ! ರಾಜಕುಮಾರಿ ಹೊನ್ನಲೆಯ ಮೂರು ಒಗಟು ಬಿಡಿಸಿದವನೇ ಅವಳ ಗಂಡ, ಅರ್ಧ ರಾಜ್ಯಕ್ಕೆ ಒಡೆಯ. ತಪ್ಪಿದವನ ತಲೆ ಆ ಹೊತ್ತೇ ಉರುಳುವುದು!"

ಕೋಡಗಲ್ಲಿನ ಅರಸ ಹೀಗೆ ಡಂಗುರ ಸಾರಿಸಿದ. ಕಾರಣ ಇಷ್ಟೇ: ಹೊನ್ನಲೆಯ ಎಡಗಣ್ಣಿನ ರೆಪ್ಪೆ ಜೋತುಬಿದ್ದಿತ್ತು. ಚಿಕ್ಕಂದಿನಲ್ಲಿ ಅರಮನೆಯ ವೈದ್ಯ ರೆಪ್ಪೆಯೊಳಗಿನ ಗಂಟು ತೆಗೆಯುವಾಗ ಇನ್ನೇನನ್ನೋ ಸೇರಿಸಿ ಕತ್ತರಿಸಿದ್ದ. ನೋಡಲು ಬಂದ ವರಗಳೆಲ್ಲ ಬಾಯಿಗೆ ಉತ್ತರೀಯ ಅಡ್ಡ ಹಿಡಿದು ನಕ್ಕು ಹೋದರು. ಆ ಅವಮಾನ ಕುದ್ದು ಕುದ್ದು ಒಗಟಾಯಿತು. ಮಗಳ ಒಗಟಿಗೆ ಅರಸ ಕತ್ತಿ ಒದಗಿಸಿದ. ದೊಡ್ಡವರ ಮನೆಯ ನೋವಿಗೆ ಊರವರ ತಲೆಯೇ ಮದ್ದು, ಇದೇನು ಹೊಸದಲ್ಲ ಬಿಡಿ.

ಮೊದಲು ಬಂದವನು ನೆರೆರಾಜ್ಯದ ಯುವರಾಜ. ಹೊನ್ನಲೆ ಕೇಳಿದಳು: "ಹಗಲಿಡೀ ಹೊರೆ ಎತ್ತಿ ಹಿಡಿಯುತ್ತಾನೆ. ಎಷ್ಟು ಎತ್ತಿದ್ದೇನೆಂದು ಅವನಿಗೇ ತಿಳಿಯದು. ಯಾರವನು?"

"ಪಟ್ಟದಾನೆ" ಎಂದ ಅವನು. ತಲೆ ಹೋಯಿತು. ಪಂಡಿತನೊಬ್ಬ "ಆದಿಶೇಷ" ಎಂದ, ಅವನದೂ ಹೋಯಿತು. ಹೀಗೆ ಹತ್ತು ತಲೆ ಉರುಳಿದವು. ಎರಡನೆಯ ಒಗಟು ಏನೆಂದು ಯಾರೂ ಕೇಳಲೇ ಇಲ್ಲ.

ಆ ಹತ್ತೂ ತಲೆಗಳ ಕಣ್ಣು ಮುಚ್ಚಿದವನು ದುಗ್ಗ. ಅವನ ಮನೆತನದ ಕಸುಬೇ ಅದು: ರಣದಲ್ಲಾಗಲಿ ವಧಾಸ್ಥಾನದಲ್ಲಾಗಲಿ ಸತ್ತವರ ರೆಪ್ಪೆ ಇಳಿಸುವುದು. ಮುಚ್ಚಿದ ಮೇಲೆ ಹೊತ್ತು ಮುಳುಗುವ ತನಕ ಅವನು ಬಾಯಿ ಬಿಡುವಂತಿಲ್ಲ. ಬಿಟ್ಟರೆ ಮಾತು ಯಾರ ಕಿವಿಗೆ ಬೀಳುತ್ತದೋ ಅವರಿಗೆ ಸಾವು ಎಂಬ ನಂಬಿಕೆ. ಒಗಟು ಕೇಳಿದ ದಿನವೇ ದುಗ್ಗನಿಗೆ ಉತ್ತರ ಹೊಳೆದಿತ್ತು. ಹೆಣ ಮುಟ್ಟುವವನಿಗೆ ರಾಜಕುಮಾರಿಯ ಗೊಡವೆ ಏಕೆಂದು ಸುಮ್ಮನಿದ್ದ.

ಹನ್ನೊಂದನೆಯವನ ಕಣ್ಣು ಮುಚ್ಚಿ ದುಗ್ಗ ಕೈ ತೊಳೆಯುತ್ತಿದ್ದ ಬೆಳಗ್ಗೆಯೇ ಒಗಟಿಗೆ ತಲೆಯೊಡ್ಡಲು ಬಂದವರು ಬಡಿಯುವ ಅರಮನೆಯ ನಗಾರಿ ಮತ್ತೆ ಮೊಳಗಿತು. ಬಡಿದವನು ಅವನ ಒಡಹುಟ್ಟಿದ ತಮ್ಮ ಮಾಳ.

ದುಗ್ಗ ಓಡಿದ. ತಮ್ಮನ ರಟ್ಟೆ ಹಿಡಿದು ಎಳೆದ. ಮಾಳ ಕೊಸರಿಕೊಂಡ.

"ಬಿಡಣ್ಣ, ನಗಾರಿ ಬಡಿದಾಯ್ತು. ಅವ್ವ ಎಷ್ಟು ದಿನ ಅಂತ ಹೆಣದ ಬಟ್ಟೆ ಒಗೀಬೇಕು? ಗೆದ್ರೆ ಅವಳು ತೂಗುಮಂಚದ ಮ್ಯಾಲೆ ಕೂತು ಉಣ್ತಾಳೆ."

ಉತ್ತರ ದುಗ್ಗನ ನಾಲಗೆಯ ತುದಿಯಲ್ಲಿತ್ತು. ಆಡಿದರೆ ತಮ್ಮನಿಗೇ ಕೇಡು. ತುಟಿ ಕಚ್ಚಿ, ಬೆರಳಿನಿಂದ ತನ್ನ ರೆಪ್ಪೆಯನ್ನು ಒತ್ತಿ ತೋರಿಸಿದ, ಎತ್ತಿ ತೋರಿಸಿದ, ಮತ್ತೆ ಮತ್ತೆ ತೋರಿಸಿದ.

"ಅಳಬ್ಯಾಡಣ್ಣ" ಎಂದ ಮಾಳ, ಅಣ್ಣನ ಕೆನ್ನೆ ಒರೆಸಿ ಒಳಗೆ ಹೋದ.

ಅವನು ಹೇಳಿದ ಉತ್ತರ "ಕೋಣ". ಮಧ್ಯಾಹ್ನದ ಹೊತ್ತಿಗೆ ದುಗ್ಗ ತಮ್ಮನ ಕಣ್ಣನ್ನೂ ಮುಚ್ಚಿದ.

ಮರುದಿನ ನಗಾರಿ ಬಡಿದವನು ದುಗ್ಗನೇ. ಸಭೆ ಮೂಗು ಮುಚ್ಚಿಕೊಂಡಿತು. ಹೊನ್ನಲೆ ಮೊದಲ ಒಗಟು ಹೇಳಿ ಮುಗಿಸುವ ಮೊದಲೇ ಅವನೆಂದ:

"ಮೇಲ್ರೆಪ್ಪೆ ಎತ್ತೋ ದಪ್ಪ ಸ್ನಾಯು, ತಾಯಿ. ಬಲ ಐತೆ, ಅಳತೆ ತಿಳೀದು."

ಹೊನ್ನಲೆ ನೆಟ್ಟಗೆ ಕೂತಳು. "ಅವನ ಬೆನ್ನಿಗಂಟಿದ ಬಡಕಲನೊಬ್ಬನಿದ್ದಾನೆ. ಹೊರೆ ಎತ್ತುವ ಕಸುವಿಲ್ಲ. ಹೊರೆ ಎಷ್ಟು ಎದ್ದಿತೆಂದು ಬಲ್ಲವನು ಅವನೊಬ್ಬನೇ. ಯಾರು?"

"ಅದರ ಹಿಂದಿನ ತೆಳ್ಳನೆ ಸ್ನಾಯು. ರೆಪ್ಪೆ ಏಳುವಾಗ ಅದು ಜಗ್ಗುತ್ತೆ. ಜಗ್ಗಿದಾಗೆಲ್ಲ 'ಹಿಡಕೋ, ಬಿಡಬ್ಯಾಡ' ಅಂತ ದಪ್ಪನೇದಕ್ಕೆ ಸುದ್ದಿ ಮುಟ್ಟಿಸುತ್ತೆ. ಆ ಸುದ್ದಿ ಮ್ಯಾಲೇನೇ ನಾವೆಲ್ಲ ಕಣ್ಣು ಬಿಟ್ಕೊಂಡಿರೋದು. ರಣದಾಗೆ ಕಂಡೀನಿ: ದಪ್ಪನೇದು ಗಟ್ಟಿಯಾಗೇ ಇರುತ್ತೆ, ತೆಳ್ಳನೇದು ಹರಿದಿರುತ್ತೆ, ಅಂಥೋರು ಬದುಕಿದ್ರೂ ಕಣ್ಣು ಪೂರಾ ತೆರೆಯಾಕಿಲ್ಲ. ನಿಮ್ಮ ವೈದ್ಯನೂ ಅದನ್ನೇ ಕತ್ತರಿಸಿದ್ದು."

"ಮೂರನೆಯದು." ಅವಳು ಜೋತ ರೆಪ್ಪೆಯನ್ನು ಬೆರಳಿನಿಂದ ಎತ್ತಿ ಅವನನ್ನು ನೋಡಿದಳು. "ಬಲ್ಲವನ ಮಾತು ಎತ್ತುವವನಿಗೆ ಮುಟ್ಟದಿದ್ದರೆ ಬೀಳುವುದೇನು?"

"ನಿಮ್ಮ ಮುಖದಾಗೆ ರೆಪ್ಪೆ ಬಿತ್ತು ತಾಯಿ. ನಮ್ಮ ಮನೇಲಿ ತಲೆ ಬಿತ್ತು."

ಮೂರೂ ಸರಿಯೆಂದು ಹೊನ್ನಲೆ ತಲೆಯಾಡಿಸಿದಳು. ಮದುವೆ ಬೇಡವೆಂದ ದುಗ್ಗ. ನಗಾರಿ ಇಳಿಸಿದರೆ ಸಾಕೆಂದ. ನಗಾರಿ ಇಳಿಯಿತು. ಕೊಟ್ಟ ಮಾತು ಕೊಟ್ಟ ಮಾತೇ ಎಂದು ಅರಸ ಅರ್ಧ ರಾಜ್ಯದ ತಾಮ್ರಶಾಸನ ಬರೆಸಿ, ಪಟ್ಟೆಶಾಲು ಹೊದಿಸಿ, ಪಲ್ಲಕ್ಕಿಯಲ್ಲಿ ಕಳಿಸಿದ. ಹನ್ನೆರಡು ತಲೆಗಳ ಮಾತು ಯಾರೂ ಎತ್ತಲಿಲ್ಲ.

ಪಲ್ಲಕ್ಕಿ ಗುಡಿಸಲ ಮುಂದೆ ಇಳಿಯಿತು. ಅವ್ವ ಮಾಳನ ಬಟ್ಟೆ ಒಗೆಯುತ್ತಿದ್ದಳು. ದುಗ್ಗ ಶಾಸನವನ್ನು ಅವಳ ಮುಂದಿಟ್ಟು ನಡೆದದ್ದೆಲ್ಲ ಹೇಳಿದ. ಅವಳು ತಲೆಯೆತ್ತದೆ ಕೇಳಿದಳು:

"ನಿನ್ನೆಗೇ ನಿಂಗೆ ಗೊತ್ತಿತ್ತೇನೋ ಇದು?"

ಈ ಒಗಟಿಗೆ ಯಾರೂ ತಲೆ ತೆಗೆಯುವುದಿಲ್ಲ.

"ಗೊತ್ತಿತ್ತವ್ವ" ಎಂದ ದುಗ್ಗ.

ಅವಳು ಬಟ್ಟೆ ಹಿಂಡಿ ಹರವಿದಳು, ಒಳಗೆ ಹೋಗಿ ಕದ ಹಾಕಿಕೊಂಡಳು. ಅರ್ಧ ರಾಜ್ಯದ ಒಡೆಯ ಹೊರಗೇ ಕೂತ.