ಎರಡು ಹನಿ ಎಣ್ಣೆ

"ಗುರುಗಳೇ, ನನ್ನ ಕೈಯಿಂದ ಒಂದು ತಪ್ಪೂ ಆಗಿಲ್ಲ. ಜೊತೆಯವರಿಗೆಲ್ಲ ಪ್ರಮಾಣಪತ್ರ ಕೊಟ್ಟಿರಿ. ನನಗೇಕೆ ಕೊಡಲಿಲ್ಲ?" ಎಂದು ಫಕೀರೇಶ ಕೇಳಿದ.

ಚನ್ನವೀರಪ್ಪನವರು ಗ್ಯಾಸ್ ಸಿಲಿಂಡರ್, ಕೊಳವೆ, ವಾಲ್ವುಗಳ ಕೆಲಸ ಕಲಿಸುವ ಗುರು. ಆರು ತಿಂಗಳ ತರಬೇತಿ ಅಂದಿಗೆ ಮುಗಿದಿತ್ತು. ಅವರು ಶಿಷ್ಯನಿಗೆ ಬೆಂಚು ತೋರಿಸಿದರು. "ಕೂತುಕೋ. ಒಂದು ಕತೆ ಕೇಳು," ಎಂದರು.

ಒಂದು ಊರಿನ ಆಸ್ಪತ್ರೆಯಲ್ಲಿ ಒಬ್ಬ ಫಿಟ್ಟರ್ ಇದ್ದ. ಅದಕ್ಕೆ ಮೊದಲು ಹತ್ತು ವರ್ಷ ಅಕ್ಕಿ ಗಿರಣಿಯಲ್ಲಿ ಯಂತ್ರ ನೋಡಿಕೊಂಡವನು. ಕಿರುಗುಟ್ಟುವ ಸದ್ದು ಅವನಿಗೆ ಆಗದು. ಗಿರಣಿಯ ಚಕ್ರವಿರಲಿ, ನೆರೆಮನೆಯ ತೊಟ್ಟಿಲಿರಲಿ, ಮೊದಲು ಎಣ್ಣೆ, ಆಮೇಲೆ ಮಾತು. ಆಸ್ಪತ್ರೆಗೆ ಸೇರುವಾಗ ಅವನೂ ನಿನ್ನ ಹಾಗೆ ತರಬೇತಿ ಪಡೆದ. ಆಕ್ಸಿಜನ್ ಹತ್ತಿರ ಎಣ್ಣೆ ಸುಳಿಯಬಾರದು, ಒತ್ತಡದ ಆಕ್ಸಿಜನ್ ಎಣ್ಣೆಗೆ ತಗುಲಿದರೆ ಬೆಂಕಿ ಹೊತ್ತಲು ಕಡ್ಡಿ ಗೀರುವುದೂ ಬೇಡ ಎಂದು ಅವನಿಗೂ ಹೇಳಿಕೊಟ್ಟಿದ್ದರು. ಪರೀಕ್ಷೆಯಲ್ಲಿ ಅದನ್ನು ಚೆನ್ನಾಗಿಯೇ ಬರೆದಿದ್ದ. ಆದರೆ ಪಾಠ ಕಲಿತದ್ದು ತಲೆ. ಎಣ್ಣೆ ಹಾಕುವುದು ಕೈ. ಗಿರಣಿಯ ಎಣ್ಣೆ ಡಬ್ಬಿ ಇನ್ನೂ ಅವನ ಚೀಲದಲ್ಲೇ ಇತ್ತು.

ಒಂದು ಮಧ್ಯಾಹ್ನ ಅವನು ಸಿಲಿಂಡರ್ ಕೊಠಡಿಯಲ್ಲಿ ಒಬ್ಬನೇ ಇದ್ದ. ಅಲ್ಲಿ ಆಕ್ಸಿಜನ್ ಸಿಲಿಂಡರುಗಳ ಎರಡು ಸಾಲು. ಒಂದು ಮುಗಿಯುವ ಮುನ್ನ ಇನ್ನೊಂದನ್ನು ತೆರೆಯಬೇಕು. ಆ ಇನ್ನೊಂದು ಸಾಲಿಗೆ ಅವನು ಹೊಸ ರೆಗ್ಯುಲೇಟರ್ ಕೂರಿಸುತ್ತಿದ್ದ. ನಟ್ಟು ಬಿಗಿಯಾಗಿತ್ತು, ತಿರುಗಿಸಿದರೆ ಕಿರುಗುಟ್ಟಿತು. ಡಬ್ಬಿ ಹೊರಬಂತು. ಎರಡು ಹನಿ. ನಟ್ಟು ಹೇಳಿದ ಮಾತು ಕೇಳಿತು. ಅವನಿಗೆ ಖುಷಿಯೂ ಆಯಿತು.

ವಾಲ್ವಿನ ಮೇಲೆ ಕೈ ಇಟ್ಟ. ಬೆರಳು ಜಾರಿತು. ಆಗ ತಾನೇನು ಮಾಡಿದೆನೆಂದು ಹೊಳೆಯಿತು.

ಓಡುತ್ತಿದ್ದ ಸಾಲಿನ ಒತ್ತಡ ಮಾಪಕದ ಮುಳ್ಳು ನೋಡಿದ. ಇಪ್ಪತ್ತು ನಿಮಿಷಕ್ಕಾಗುವಷ್ಟು ಗಾಳಿ ಉಳಿದಿತ್ತು. ಮೇಲಿನ ವಾರ್ಡಿನಲ್ಲಿ ಮೂವರು ಆ ಕೊಳವೆಯಿಂದಲೇ ಉಸಿರಾಡುತ್ತಿದ್ದರು. ಬೇರೆ ರೆಗ್ಯುಲೇಟರ್ ತರಿಸಲು ಒಂದು ಗಂಟೆ ಬೇಕು. ಬಟ್ಟೆ ತೆಗೆದು ಒರೆಸಿದ. ಹೊರಗಿನ ಎಣ್ಣೆ ಹೋಯಿತು. ಒಳಗೆ ಇಳಿದದ್ದು? ಎರಡೇ ಹನಿ ತಾನೇ, ಮೆಲ್ಲಗೆ ತೆರೆದರೆ ಏನೂ ಆಗಲಿಕ್ಕಿಲ್ಲ, ಯಾರು ನೋಡಿದ್ದಾರೆ ಎಂದಿತು ಮನಸ್ಸು. ಬಾಯಿ ಬಿಟ್ಟರೆ ಮರ್ಯಾದೆ ಹೋಗುತ್ತದೆ, ಕೆಲಸವೂ ಹೋಗಬಹುದು. ಕೈ ಮತ್ತೆ ವಾಲ್ವಿನ ಬಳಿಗೆ ಹೋಯಿತು. ಹಾಗೆಯೇ ನಿಂತಿದ್ದ.

ಕೊನೆಗೆ ಕೈ ತೆಗೆದ. ಮೆಟ್ಟಿಲು ಹತ್ತಿ ಓಡಿ ನರ್ಸ್ ಎದುರು ನಿಂತ. "ಸಿಸ್ಟರ್, ನನ್ನಿಂದ ತಪ್ಪಾಗಿದೆ. ರೆಗ್ಯುಲೇಟರಿಗೆ ಎಣ್ಣೆ ಹಾಕಿಬಿಟ್ಟೆ. ಆ ಸಾಲು ತೆರೆಯುವ ಹಾಗಿಲ್ಲ," ಎಂದ.

ಆಕೆ ಬೈಯಲಿಲ್ಲ. "ಎಷ್ಟು ನಿಮಿಷ ಇದೆ?" ಎಂದಳು.

"ಹದಿನೈದು."

ಸಣ್ಣ ಸಿಲಿಂಡರುಗಳು ಕೆಳಗೆ ಆಂಬುಲೆನ್ಸ್ ನಿಲ್ಲುವ ಕಡೆ ಇದ್ದವು. ಸಿಕ್ಕವರನ್ನೆಲ್ಲ ಕರೆದು ಹೊರಿಸಿದಳು. ಅವನೂ ಹೊರಲು ಮುಂದಾದ. "ನೀವು ಮುಟ್ಟಬೇಡಿ, ಕೈಯಲ್ಲಿ ಎಣ್ಣೆ ಇದೆ," ಎಂದಳು. ಅವನು ಗೋಡೆಗೆ ಒರಗಿ ನಿಂತು ಸುಮ್ಮನೆ ನೋಡಬೇಕಾಯಿತು. ಒಬ್ಬ ರೋಗಿಗೆ ಬದಲಿಸಿದರು. ಇನ್ನೊಬ್ಬರಿಗೆ ಬದಲಿಸಿದರು. ಮೂರನೆಯವರು ಒಬ್ಬ ಬಾಣಂತಿ. ಅವಳಿಗೆ ಸಣ್ಣ ಸಿಲಿಂಡರ್ ಸೇರಿಸಿದಾಗ ಕೊಳವೆಯಲ್ಲಿ ಗಾಳಿ ನಿಂತೇ ಹೋಗಿತ್ತು. ಮೂವರೂ ಉಳಿದರು.

ಫಿಟ್ಟರ್ ತಲೆ ಎತ್ತದಂತೆ ಬೈಸಿಕೊಂಡ. ಕೊಠಡಿಯ ಬೀಗದ ಕೈ ಕಸಿದುಕೊಂಡು ಒಂದು ತಿಂಗಳು ಮತ್ತೆ ಮೊದಲಿನಿಂದ ಪಾಠಕ್ಕೆ ಕೂರಿಸಿದರು. ತಿಂಗಳು ಕಳೆದ ಮೇಲೆ ಬೀಗದ ಕೈ ಕೊಟ್ಟು ಅದೇ ಕೊಠಡಿಗೆ ಅವನನ್ನೇ ಕಳಿಸಿದರು.

ಗುರುಗಳು ಕತೆ ನಿಲ್ಲಿಸಿದರು. ಫಕೀರೇಶನಿಗೆ ಮೈಯೆಲ್ಲ ಉರಿಯಿತು. ಎಣ್ಣೆ ಹಾಕಿದವನಿಗೆ ಕೊಠಡಿಯ ಬೀಗದ ಕೈ, ತನಗೆ ಬರಿಗೈ. ಇದೆಂಥ ನ್ಯಾಯ ಎನಿಸಿತು.

"ಅವನು ತಪ್ಪು ಮಾಡಿದ, ಬಂದು ಒಪ್ಪಿಕೊಂಡ. ತಪ್ಪೇ ಮಾಡದ ನನಗೆ ಈ ಕತೆ ಏಕೆ ಗುರುಗಳೇ?" ಎಂದ.

"ಮೊನ್ನೆ ಎಲ್ಲರೂ ಊಟಕ್ಕೆ ಹೋದಾಗ, ನೀನು ಜೋಡಿಸಿದ ಕೊಳವೆ ಸೋರುತ್ತಿದ್ದದ್ದನ್ನು ಸದ್ದಿಲ್ಲದೆ ಬಿಗಿ ಮಾಡಿ ಹೋದೆಯಲ್ಲ, ನಾನು ಕಿಟಕಿಯ ಆಚೆ ನಿಂತು ನೀನು ಬಂದು ಹೇಳುತ್ತೀಯೆಂದು ಕಾದೆ."