ಮಾಸಿದ ಹೆಸರಿನ ದಿಬ್ಬ

ನ್ಯೂಯಾರ್ಕಿನ ಹೊರವಲಯದ ಹಳೆಯ ಯಹೂದಿ ಸ್ಮಶಾನದಲ್ಲಿ, ಗೋಡೆಗೆ ತಾಗಿದಂತೆ, ಆಳೆತ್ತರವೂ ಇಲ್ಲದ ಒಂದು ಮಣ್ಣಿನ ದಿಬ್ಬವಿದೆ. ಅದರೊಳಗೆ ಶವವಿಲ್ಲ. ಆದರೂ ಸುತ್ತಲಿನವರು ಅದನ್ನು ಮಾಸಿದ ಹೆಸರಿನ ದಿಬ್ಬ ಎನ್ನುತ್ತಾರೆ. ಹಿಂದೆ ಒಮ್ಮೆ, ಪೋಲೆಂಡಿನ ಕಡೆಯಿಂದ ಹಡಗು ಹತ್ತಿ ಬಂದ ಬಡ ಯಹೂದಿಗಳಿಗಾಗಿ ಈ ನಗರದಲ್ಲಿ ಅವರ ಮನೆಮಾತಾದ ಯಿಡ್ಡಿಷ್ ಭಾಷೆಯ ಪತ್ರಿಕೆಯೊಂದು ಹುಟ್ಟಿತಂತೆ. ಏನು ಭರಾಟೆ ಅದರದು! ಹೊಲಿಗೆ ಕಾರ್ಖಾನೆಯಲ್ಲಿ ಒಬ್ಬ ಓದಿದರೆ ಉಳಿದವರೆಲ್ಲ ಊಟ ಮರೆತು ಕಿವಿಗೊಡುತ್ತಿದ್ದರು. ಬಾಡಿಗೆ ಮನೆ ಹುಡುಕುವುದರಿಂದ ಹಿಡಿದು ಗಂಡ ಬಿಟ್ಟುಹೋದವಳ ಗೋಳಿನವರೆಗೆ ಎಲ್ಲಕ್ಕೂ ಅದೇ ದಿಕ್ಕು.

ಅಲ್ಲಿ ಸೀಸದ ಅಕ್ಷರಗಳ ಅಚ್ಚಿನ ಮೊಳೆ ಜೋಡಿಸುತ್ತಿದ್ದವನು ಹಿರ್ಷಲ್. ತಂಗಿ ಫ್ರೇಡಲ್‌ಳನ್ನು ಊರಲ್ಲೇ ಬಿಟ್ಟು ಬಂದಿದ್ದ. ಕರೆಸಿಕೊಳ್ಳುವಷ್ಟರಲ್ಲಿ ಯುದ್ಧ ಬಂತು, ಊರೇ ಸುಟ್ಟುಹೋಯಿತು. ಯುದ್ಧ ಮುಗಿದ ಮೇಲೆ, ಬದುಕುಳಿದವರನ್ನು ಹುಡುಕುವ ಪುಟದಲ್ಲಿ ಅವಳ ಹೆಸರನ್ನೂ ತನ್ನ ವಿಳಾಸವನ್ನೂ ಜೋಡಿಸಿದ. ಅಚ್ಚಾದ ಮೇಲೆ ಮೊಳೆಗಳನ್ನು ಬಿಚ್ಚಿ ಗೂಡುಗಳಿಗೆ ಹಾಕುವುದು ಅಚ್ಚುಕೂಟದ ರೂಢಿ. ಈ ಪುಣ್ಯಾತ್ಮ ಆ ಸಾಲುಗಳನ್ನು ಮಾತ್ರ ಬಿಚ್ಚಲಿಲ್ಲ. ಅವಳ ಹೆಸರನ್ನು ಕೈಯಾರೆ ಚೆದುರಿಸುವುದೇ? ದಾರ ಬಿಗಿದು ಕಟ್ಟಿ, ವರ್ಷಗಟ್ಟಲೆ ಅದನ್ನೇ ಪ್ರತಿ ಸಂಚಿಕೆಗೂ ಇಟ್ಟ. ಅಷ್ಟರಲ್ಲಿ ಮಕ್ಕಳು ಇಂಗ್ಲಿಷ್ ಕಲಿತರು, ಓದುವ ಮುದುಕರು ಒಬ್ಬೊಬ್ಬರಾಗಿ ತೀರಿಕೊಂಡರು, ಪತ್ರಿಕೆ ಸೊರಗಿತು. ಒಂದು ದಿನ ಉಪ್ಪುಮೀನು ಮಾರುವ ಗಿಟಲ್ ಪುಟ ಹಿಡಿದು ಬಂದು, ಈ ಮೂಲೆಯಲ್ಲಿ ಮಸಿ ಮೆತ್ತಿದ್ದೇಕೆ ಎಂದು ಕೇಳಿದಳಂತೆ. ಹಿರ್ಷಲ್ ಕನ್ನಡಕ ಒರೆಸಿ ನೋಡಿದ. ಸವೆದ ಸೀಸದಲ್ಲಿ ಒಂದಕ್ಷರವೂ ಉಳಿದಿರಲಿಲ್ಲ. ಬಾಯಿಪಾಠವಾಗಿದ್ದ ಹೆಸರನ್ನು ಇಷ್ಟು ಕಾಲ ಅವನೊಬ್ಬನೇ ಓದಿಕೊಳ್ಳುತ್ತಿದ್ದ. ಫ್ರೇಡಲ್ ಎಲ್ಲೋ ಕುಳಿತು, ತನ್ನ ಹೆಸರು ಕಾಣದೆ ಆ ಪುಟವನ್ನು ತಿರುವಿಹಾಕಿದ್ದರೆ? ಯಾರು ಹೇಳಬೇಕು? ಹೊಸ ಮೊಳೆ ಜೋಡಿಸಲು ಕುಳಿತ. ಆ ವಾರವೇ ಪತ್ರಿಕೆ ನಿಂತಿತು.

ಹರಿದ ಧರ್ಮಗ್ರಂಥಗಳನ್ನು ಸುಡದೆ, ಎಸೆಯದೆ ಮಣ್ಣು ಮಾಡುವುದು ಆ ಜನರ ಪದ್ಧತಿ. ಹಿರ್ಷಲ್ ದಾರ ಕಟ್ಟಿದ ಆ ಸವೆದ ಸಾಲುಗಳನ್ನು ಹಳೆಯ ಸಂಚಿಕೆಗಳ ಕಟ್ಟಿನೊಡನೆ ಈ ಸ್ಮಶಾನಕ್ಕೆ ಹೊತ್ತು ತಂದ. ಧರ್ಮಗುರುಗಳು ಒಪ್ಪಲಿಲ್ಲ, ಮೀನಿನ ಜಾಹೀರಾತಿರುವ ಕಾಗದಕ್ಕೆ ಈ ಮರ್ಯಾದೆ ಸಲ್ಲದು ಎಂದರು.

“ಗುರುಗಳೇ, ಹೂಳುವುದಕ್ಕೆ ಅವಳದು ಅಂತ ನನ್ನ ಹತ್ತಿರ ಬೇರೇನೂ ಇಲ್ಲ” ಎಂದ ಹಿರ್ಷಲ್. ಅವರು ತಾವೇ ಗುದ್ದಲಿ ತಂದರು ಎನ್ನುತ್ತಾರೆ.

ಇಂದಿಗೂ ಬಂದವರು ಯಹೂದಿಗಳ ವಾಡಿಕೆಯಂತೆ ಹೂವಿಡದೆ, ದಿಬ್ಬದ ಮೇಲೆ ಒಂದೊಂದು ಪುಟ್ಟ ಕಲ್ಲಿಟ್ಟು ಹೋಗುತ್ತಾರೆ. ತಲೆಯ ಕಡೆ ನುಣುಪಾದ ಚಪ್ಪಡಿಯೊಂದು ನಿಂತಿದೆ, ಅದರ ಮೇಲೆ ಏನೂ ಕೆತ್ತಿಲ್ಲ. ಕಲ್ಲುಕುಟಿಗ ಉಳಿ ಹಿಡಿದು ಹೆಸರು ಕೇಳಿದಾಗ ಹಿರ್ಷಲ್, “ಬೇಡಪ್ಪ. ಒಂದು ವೇಳೆ ಬದುಕಿದ್ದರೆ?” ಎಂದನಂತೆ.