ತೇಗವೆಂದು ಹೇಳಿಕೊಂಡ ಸಿಮೆಂಟು ಕಂಬ

ಒಂದು ಹೊಸ ಮನೆಯ ಅಂಗಳದಲ್ಲಿ ತೇಗದ ಬಣ್ಣ ಬಳಿದ ಸಿಮೆಂಟು ಕಂಬವಿತ್ತು. ಪಕ್ಕದಲ್ಲಿ ಚಂದಕ್ಕೆಂದು ತಂದಿಟ್ಟ ಹಳೇ ಒರಳುಕಲ್ಲು. ಮೊಟ್ಟೆಯಿಡಲು ಜಾಗ ಹುಡುಕುತ್ತಾ ಮರಕುಟಿಗವೊಂದು ಬಂತು.

“ನೀನು ಯಾವ ಮರವಪ್ಪಾ?”

“ಅಪ್ಪಟ ತೇಗ ಕಣವ್ವಾ,” ಎಂದಿತು ಕಂಬ.

“ಹಾಗಾದರೆ ನಿನ್ನಲ್ಲೊಂದು ಪೊಟರೆ ಕೊರೆದುಕೊಳ್ಳಲೇ?”

ಈಗ ನಿಜ ಹೇಳಿದರೆ ಮಾನ ಹೋದೀತೆಂದು ಕಂಬ ಸುಮ್ಮನಿತ್ತು. ಹಕ್ಕಿ ನಂಬಿ ಕುಟ್ಟಿತು. ಬಣ್ಣ ಉದುರಿತು, ಕೊಕ್ಕು ಸೀಳಿ ರಕ್ತ ಬಂತು.

ಹಕ್ಕಿ ಬೈಯಲಿಲ್ಲ. ಒರಳಿನಲ್ಲಿ ನಿಂತಿದ್ದ ಮಳೆನೀರಿಗೆ ಕೊಕ್ಕು ಅದ್ದಿ, “ನಿನ್ನಲ್ಲಾದರೂ ಜಾಗ ಇದೆಯೇ ಅಜ್ಜೀ?” ಎಂದಿತು.

“ನಾನು ಕಲ್ಲು, ಮಗಳೇ. ನೀರಷ್ಟೇ ಕೊಟ್ಟೇನು. ಹಿತ್ತಿಲಾಚೆ ಒಣಗಿದ ನುಗ್ಗೆಮರವಿದೆ, ಹೋಗು.”

ಕಂಬಕ್ಕೆ ತಲೆ ತಗ್ಗಿಸಬೇಕೆನಿಸಿತು. ಆದರೆ ಸಿಮೆಂಟು ಬಾಗೀತೇ?

ಹಬ್ಬಕ್ಕೆ ಮನೆಯವರು ಮತ್ತೆ ಬಣ್ಣ ಬಳಿದರು. ಈಗ ಗುಬ್ಬಿ ಬಂದು ಕೂತರೂ ಕಂಬ ತಾನಾಗಿಯೇ ಹೇಳುತ್ತದೆ, “ನಾನು ಸಿಮೆಂಟು ಕಣವ್ವಾ.”